ನಗೋದಕ್ಕೆ ನಮಗೆ ಹಕ್ಕಿದೆ, ಇಳಿಸೋದಕ್ಕೂ ಬೇಕು

ಸಂಪಾದಕರಿಗೆ ನಮಸ್ಕಾರ,

ರಾಜಕಾರಣಿಗಳನ್ನ ಟ್ರೋಲ್ ಮಾಡಿದ್ರೆ ಏನ್ ಬಂತು, ಅವರದ್ದು ದಪ್ಪ ಚರ್ಮ, ಏನೂ ತಾಗಲ್ಲ ಅಂತ ಎಲ್ಲರೂ ಹೇಳ್ತಾರೆ. ನಾನು ಒಪ್ಪಲ್ಲ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರು ರಸ್ತೆ ಗುಂಡಿಯ ನೀರಲ್ಲಿ ಒಂದು ಮೊಸಳೆ ಬೊಂಬೆ ತಂದಿಟ್ರು, ಫೋಟೋ ದೇಶವೆಲ್ಲಾ ಸುತ್ತಿತು, ಪಾಲಿಕೆಯವರು ಓಡಿಬಂದು ಗುಂಡಿ ಮುಚ್ಚಿದ್ರು. 2019ರಲ್ಲಿ ಅವರದ್ದೇ ಇನ್ನೊಂದು ವಿಡಿಯೋ, ಸ್ಪೇಸ್ ಸೂಟ್ ಹಾಕ್ಕೊಂಡ ಮನುಷ್ಯ ಹಳ್ಳದಿಂದ ಹಳ್ಳಕ್ಕೆ ನಿಧಾನಕ್ಕೆ ಕಾಲಿಡ್ತಾ ಬರ್ತಾನೆ, ಚಂದ್ರನ ಮೇಲೆ ನಡೀತಿದಾನೆ ಅಂದ್ಕೊಳ್ಳೋ ಅಷ್ಟರಲ್ಲಿ ಪಕ್ಕದಲ್ಲೇ ಆಟೋ ಹೋಗುತ್ತೆ. ಆ ರಸ್ತೆನೂ ರಿಪೇರಿ ಆಯ್ತು. ಅಂದ್ರೆ ನಾಲ್ಕು ಜನ ನಗ್ತಾರೆ ಅನ್ನೋ ಭಯ ಇವರಿಗೆ ಇದೆ, ಅರ್ಜಿಗೆ ಅಲ್ಲಾಡದ ಫೈಲ್ ನಗುಗೆ ಅಲ್ಲಾಡುತ್ತೆ.

ಆದ್ರೆ ಗುಂಡಿ ಮುಚ್ತು ಅಷ್ಟೇ, ಅದಕ್ಕೆ ಕಾರಣ ಆದ ಯಾರ ಕುರ್ಚಿನೂ ಹೋಗಲಿಲ್ಲ, ನನ್ನ ಸಂಕಟ ಇರೋದು ಇಲ್ಲಿ.

ಯಾವುದಾದ್ರೂ ಹಗರಣ ಆದ ತಕ್ಷಣ 'ಇಂಪೀಚ್ ಮಾಡಿ', ಅಂದ್ರೆ ಸಂಸತ್ತಲ್ಲೇ ಆರೋಪ ಹೊರಿಸಿ ಕುರ್ಚಿಯಿಂದ ಇಳಿಸಿ ಅಂತ ಜನ ಬರೀತಾರೆ. ನಮ್ಮ ಸಂವಿಧಾನದಲ್ಲಿ ಈ ಇಂಪೀಚ್, ಮಹಾಭಿಯೋಗ ಅಂತ ಇರೋದು ರಾಷ್ಟ್ರಪತಿಗೆ, 61ನೇ ವಿಧಿ. ಸುಪ್ರೀಂ ಕೋರ್ಟ್, ಹೈಕೋರ್ಟ್ ಜಡ್ಜ್‌ಗಳನ್ನ ತೆಗೆಯೋಕೂ ಸಂಸತ್ತಲ್ಲಿ ಅದೇ ತರದ ದಾರಿ ಇದೆ. ಶಾಸಕ, ಸಂಸದ, ಮಂತ್ರಿಗೆ ಅದು ಇಲ್ವೇ ಇಲ್ಲ. ಇರೋ ಕಡೆನೂ ಹೇಗೆ ನಡೆದಿದೆ ನೋಡಿ, 1993ರಲ್ಲಿ ಜಸ್ಟಿಸ್ ವಿ. ರಾಮಸ್ವಾಮಿ ಅವರನ್ನ ತೆಗೆಯೋ ನಿರ್ಣಯ ಲೋಕಸಭೆಗೆ ಬಂದಾಗ ಪರ 196 ವೋಟ್ ಬಿತ್ತು, ವಿರುದ್ಧ ಒಂದೂ ಬೀಳಲಿಲ್ಲ, 205 ಜನ ಸದಸ್ಯರು ವೋಟೇ ಹಾಕದೆ ಸುಮ್ನೆ ಕೂತ್ರು, ಬೇಕಾದಷ್ಟು ವೋಟ್ ಸಿಗದೆ ನಿರ್ಣಯ ಬಿದ್ದೋಯ್ತು. ಬೇಡ ಅಂತ ಬಾಯಿಬಿಟ್ಟು ಹೇಳೋ ಧೈರ್ಯನೂ ಇಲ್ಲ, ಬೇಕು ಅನ್ನೋ ಮನಸ್ಸೂ ಇಲ್ಲ.

ಇದಕ್ಕಿಂತ ಹೊಟ್ಟೆ ಉರಿಸೋ ವಿಷಯ ಬೇರೆ ಇದೆ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಶಾಸಕ ಪಕ್ಷದ ವಿಪ್, ಅಂದ್ರೆ ಹೀಗೇ ವೋಟ್ ಹಾಕಿ ಅನ್ನೋ ಪಕ್ಷದ ಆದೇಶ ಮೀರಿ ವೋಟ್ ಹಾಕಿದ್ರೆ ಅವನ ಸೀಟ್ ಹೋಗಬಹುದು. ವೋಟ್ ಹಾಕಿದ ಜನಕ್ಕೆ ಕೈ ಕೊಟ್ರೆ? ಏನೂ ಆಗಲ್ಲ, ಐದು ವರ್ಷ ಅಲುಗಾಡಿಸೋಕಾಗಲ್ಲ. ಪಕ್ಷದ ಹೈಕಮಾಂಡ್‌ಗೆ ಇರೋ ಹತೋಟಿ ಮತದಾರನಿಗೆ ಇಲ್ಲ ಅಂದ್ರೆ ಆ ಶಾಸಕ ಯಾರಿಗೆ ಹೆದರಬೇಕು ಹೇಳಿ.

ಆರಿಸಿದವರನ್ನ ಅವಧಿ ಮುಗಿಯೋ ಮೊದಲೇ ಜನರೇ ವಾಪಸ್ ಕರೆಸೋದು ಆಗದ ಮಾತೇನಲ್ಲ. ಮಧ್ಯಪ್ರದೇಶ, ಛತ್ತೀಸ್‌ಗಢದಲ್ಲಿ ಪುರಸಭೆ ಅಧ್ಯಕ್ಷರನ್ನ ಜನರೇ ವೋಟ್ ಹಾಕಿ ಇಳಿಸಿದಾರೆ. ಆ ವೋಟಿಗೆ ಗುರುತು ಎರಡೇ, ಖಾಲಿ ಕುರ್ಚಿ, ಯಾರೋ ಕೂತಿರೋ ಕುರ್ಚಿ. ಇರಲಿ ಅನ್ನೋರು ಕೂತಿರೋದಕ್ಕೆ ಹಾಕ್ತಾರೆ, ಸಾಕು ಅನ್ನೋರು ಖಾಲಿಗೆ. ಓದು ಬಾರದ ಅಜ್ಜಿಗೂ ಅರ್ಥ ಆಗುತ್ತೆ. 2008ರಲ್ಲಿ ಛತ್ತೀಸ್‌ಗಢದಲ್ಲಿ ಮೂರು ಕಡೆ ಅಧ್ಯಕ್ಷರು ಹೀಗೇ ಕುರ್ಚಿ ಕಳ್ಕೊಂಡ್ರು. ಬ್ರಿಟನ್ನಲ್ಲಿ 2015ರಿಂದ ಸಂಸದರಿಗೇ ಕಾನೂನು ಇದೆ, ಜೈಲು ಶಿಕ್ಷೆ ಆದ್ರೆ ಅಥವಾ ಸದನದಿಂದ ಇಷ್ಟು ದಿನ ಅಂತ ಸಸ್ಪೆಂಡ್ ಆದ್ರೆ, ಕ್ಷೇತ್ರದ ನೂರಕ್ಕೆ ಹತ್ತು ಮತದಾರರು ಆರು ವಾರದಲ್ಲಿ ಸಹಿ ಹಾಕಿದ್ರೆ ಸೀಟ್ ಖಾಲಿ, ಮತ್ತೆ ಚುನಾವಣೆ. ನಮ್ಮಲ್ಲಿ 1974ರಲ್ಲೇ ಸಂಸದ ಸಿ.ಕೆ. ಚಂದ್ರಪ್ಪನ್ ಇಂಥದ್ದೊಂದು ಖಾಸಗಿ ಮಸೂದೆ ತಂದಿದ್ರು, ಪಾಸ್ ಆಗಲಿಲ್ಲ.

ಸೋತವರು ದಿನಾ ಸಹಿ ಸಂಗ್ರಹ ಮಾಡ್ಕೊಂಡು ಕೂರ್ತಾರೆ ಅಂತ ಕೆಲವರು ಹೇಳ್ತಾರೆ, ಆ ಭಯ ನಿಜವೇ. ಅದಕ್ಕೇ ಬ್ರಿಟನ್ ತರ ಇಂಥಿಂಥ ಕಾರಣಕ್ಕೆ ಮಾತ್ರ ಅಂತ ಬೇಲಿ ಹಾಕಿ, ಮೊದಲ ಎರಡು ವರ್ಷ ಮುಟ್ಟೋ ಹಾಗಿಲ್ಲ ಅನ್ನಿ. ಬೇಲಿ ಹಾಕೋದು ಬಿಟ್ಟು ಗದ್ದೆನೇ ಬೇಡ ಅನ್ನೋದು ಯಾವ ನ್ಯಾಯ?

ಲೇವಡಿ ಮಾಡೋರಿಗೂ ಒಂದು ಮಾತು. ಅವರ ಬಣ್ಣ, ಜಾತಿ, ಮನೆ ಹೆಂಗಸರನ್ನ ಎಳೆದು ತರಬೇಡಿ, ಆಗ ತಪ್ಪು ಮಾಡಿದವನೇ ಪಾಪದವನಾಗಿಬಿಡ್ತಾನೆ, ಮಾಡಿದ ಕೆಲಸ ಎಲ್ಲರಿಗೂ ಮರೆತುಹೋಗುತ್ತೆ. ಗುಂಡಿಯ ಮೊಸಳೆ ಯಾರ ಮುಖಾನೂ ಆಡ್ಕೊಳ್ಳಲಿಲ್ಲ, ಗುಂಡಿ ತೋರಿಸ್ತು. ಹಾಗೇ ಸರ್ಕಾರಗಳು ನಗೋರ ಮೇಲೆ ಕೇಸ್ ಹಾಕೋದು ನಿಲ್ಲಬೇಕು. 2012ರಲ್ಲಿ ಕೋಲ್ಕತ್ತಾದ ಪ್ರೊಫೆಸರ್ ಒಬ್ಬರು ಮುಖ್ಯಮಂತ್ರಿ ಮೇಲಿನ ಕಾರ್ಟೂನ್ ಫಾರ್ವರ್ಡ್ ಮಾಡಿದ್ದಕ್ಕೆ ಅರೆಸ್ಟ್ ಆದ್ರು, ಅವರ ಮೇಲೆ ಹಾಕಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನೇ 2015ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ ಮೇಲೂ ಕೇಸ್ ಎಳೀತಾನೇ ಹೋಗಿ ಅವರು ಕೇಸಿಂದ ಬಿಡುಗಡೆ ಆಗಿದ್ದು 2023ರಲ್ಲಿ. ಒಂದು ಕಾರ್ಟೂನಿಗೆ ಹನ್ನೊಂದು ವರ್ಷ ಕೋರ್ಟ್ ಅಲೆದಾಟ.

ನಿಮ್ಮ ಪತ್ರಿಕೆಗೆ ನನ್ನ ವಿನಂತಿ ಒಂದೇ. ಮುಂದಿನ ಚುನಾವಣೆಗೆ ಅಭ್ಯರ್ಥಿಗಳ ಸಂದರ್ಶನ ಮಾಡುವಾಗ ಅವರ ಆಸ್ತಿ ಎಷ್ಟು ಅಂತ ಕೇಳ್ತೀರಲ್ಲ, ಜೊತೆಗೆ 'ನಿಮ್ಮನ್ನ ವಾಪಸ್ ಕರೆಸೋ ಕಾನೂನಿಗೆ ನೀವು ವೋಟ್ ಹಾಕ್ತೀರಾ' ಅಂತಲೂ ಕೇಳಿ, ಹೌದು ಇಲ್ಲ ಏನಂದ್ರೂ ಹೆಸರು ಹಾಕಿ ಪ್ರಿಂಟ್ ಮಾಡಿ.

ಇಂತಿ,
ನಿಮ್ಮ ಓದುಗ