ಫಿಟರ್‌ಮನ್ ಹಾಲ್‌ನವರಿಗೆ, ಚಾಮರಾಜಪುರಂನವರಿಗೆ

ಈ ಸೆಮಿಸ್ಟರ್ ಮುಗಿದರೆ ನನ್ನ ಕೆಲಸವೂ ಮುಗಿಯುತ್ತದೆ. ನ್ಯೂಯಾರ್ಕಿನ ಬರೋ ಆಫ್ ಮ್ಯಾನ್‌ಹಟನ್ ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಹೊರಡುವ ಮುಂಚೆ ಕೆಲವರಿಗೆ ಎಲ್ಲರ ಎದುರು ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು. ಇದು ಸೆಪ್ಟೆಂಬರ್ ತಿಂಗಳು ಬೇರೆ.

2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳು ಬಿದ್ದದ್ದು ಎಲ್ಲರಿಗೂ ಗೊತ್ತು. ನ್ಯೂಯಾರ್ಕಿನಲ್ಲೇ 2,753 ಜನ ಜೀವ ಕಳೆದುಕೊಂಡರು. ಅಷ್ಟು ಸಾವಿನ ಮುಂದೆ ಒಂದು ಕಟ್ಟಡದ ಮಾತೆತ್ತಲು ನಮಗೆ ವರ್ಷಗಟ್ಟಲೆ ಸಂಕೋಚವಿತ್ತು. ಆದರೆ ಅವತ್ತು ನಮ್ಮ ಕಾಲೇಜಿನ ಫಿಟರ್‌ಮನ್ ಹಾಲ್ ಕೂಡ ಹೋಯಿತು. ಮೈಲ್ಸ್ ಮತ್ತು ಶರ್ಲಿ ಫಿಟರ್‌ಮನ್ ದಂಪತಿ 1993ರಲ್ಲಿ ಕಾಲೇಜಿಗೆ ದಾನ ಕೊಟ್ಟ 15 ಮಹಡಿಯ ಕಟ್ಟಡ ಅದು. ನವೀಕರಣದ ಕೆಲಸ ಇನ್ನೇನು ಮುಗಿಯುವುದರಲ್ಲಿತ್ತು. ಸಂಜೆ 5.20ಕ್ಕೆ ಪಕ್ಕದಲ್ಲಿದ್ದ '7 ವರ್ಲ್ಡ್ ಟ್ರೇಡ್ ಸೆಂಟರ್' ಅನ್ನುವ 47 ಮಹಡಿಯ ಕಟ್ಟಡ ಕುಸಿದು ಅದರ ಮೈಮೇಲೆ ಬಂತು. ದಕ್ಷಿಣದ ಗೋಡೆ ಸೀಳಿಹೋಯಿತು. ಆಮೇಲೆ ಅಲ್ಲಿ ಪಾಠ ನಡೆಯಲೇ ಇಲ್ಲ.

ಚೇಂಬರ್ಸ್ ಸ್ಟ್ರೀಟಿನ ಮುಖ್ಯ ಕಟ್ಟಡವನ್ನು ರಕ್ಷಣಾ ಕೆಲಸದವರಿಗೆ ಬಿಟ್ಟುಕೊಟ್ಟೆವು. ಅಕ್ಟೋಬರ್ 1ಕ್ಕೆ ಮತ್ತೆ ತರಗತಿ ಶುರು. ಎಷ್ಟು ಮಕ್ಕಳು ಬರುತ್ತಾರೋ ಅಂತ ನಮಗೆ ಧೈರ್ಯವೇ ಇರಲಿಲ್ಲ. ಅದಕ್ಕೆ ಮೊದಲ ಥ್ಯಾಂಕ್ಸ್ ನಮ್ಮ ವಿಭಾಗದ ಆಫೀಸಿನಲ್ಲಿದ್ದ ಹಿರಿಯ ಗುಮಾಸ್ತೆಗೆ. ಆಕೆ ಹಾಜರಿ ಪಟ್ಟಿ ಹಿಡಿದುಕೊಂಡು ಒಬ್ಬೊಬ್ಬರ ಮನೆಗೂ ಫೋನ್ ಮಾಡಿದರು. "ಬರ್ತೀಯಾ" ಅಂತ ಅಲ್ಲ, "ಹೇಗಿದ್ದೀಯಾ" ಅಂತ ಕೇಳಿದರು. ಸಿಕ್ಕವರ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಸಣ್ಣ ಗೀಟು. ಗೀಟಿಲ್ಲದ ಹೆಸರುಗಳಿಗೆ ಮಾರನೇ ದಿನ ಮತ್ತೆ ಫೋನ್.

ಕಿಟಕಿ, ಮೇಜು, ಪುಸ್ತಕದ ಕಪಾಟು ಎಲ್ಲದರ ಮೇಲೂ ಕೂತಿದ್ದ ಬೂದು ಧೂಳನ್ನು ಒರೆಸಿ ಒರೆಸಿ ತೆಗೆದ ಸ್ವಚ್ಛತಾ ಸಿಬ್ಬಂದಿಗೆ ಯಾರೂ ಸರಿಯಾಗಿ ಕೃತಜ್ಞತೆ ಹೇಳಿದ್ದು ನಾನು ಕೇಳಿಲ್ಲ. ಇವತ್ತು ಹೇಳುತ್ತಿದ್ದೇನೆ. ನೀವಿಲ್ಲದಿದ್ದರೆ ನಾವು ಬಾಗಿಲೇ ತೆರೆಯಲು ಆಗುತ್ತಿರಲಿಲ್ಲ.

ಜಾಗ ಸಾಲದೆ ವೆಸ್ಟ್ ಸೈಡ್ ಹೈವೇ ಪಕ್ಕದಲ್ಲಿ ಟ್ರೇಲರ್‌ಗಳನ್ನು, ಅಂದರೆ ಎಳೆದು ತರುವ ತಾತ್ಕಾಲಿಕ ಕೋಣೆಗಳನ್ನು, ತಂದು ನಿಲ್ಲಿಸಿ ತರಗತಿ ನಡೆಸಿದರು. ನನ್ನದೂ ಅಲ್ಲೇ. ಅವಶೇಷ ತುಂಬಿದ ಲಾರಿಗಳು ಹತ್ತಿರದ 25ನೇ ಪಿಯರ್‌ಗೆ, ಅಂದರೆ ನದಿಯ ದೋಣಿಕಟ್ಟೆಗೆ, ಹೋಗುತ್ತಿದ್ದವು. ಅಲ್ಲಿಂದ ದೋಣಿಯಲ್ಲಿ ಸ್ಟೇಟನ್ ಐಲೆಂಡಿಗೆ. ಲಾರಿ ಬಂದರೆ ನೆಲ ಅದುರುತ್ತಿತ್ತು. ನಾನು ಸಮೀಕರಣದ ಮಧ್ಯದಲ್ಲೇ ನಿಲ್ಲಿಸುತ್ತಿದ್ದೆ. ಅದರೊಳಗೆ ಏನಿರಬಹುದು ಅಂತ ಎಲ್ಲರಿಗೂ ಗೊತ್ತಿತ್ತು ಅಲ್ವಾ. ಒಂದು ಸಲ ಮುಂದಿನ ಬೆಂಚಿನ ಹುಡುಗಿ, ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯ ಯೂನಿಫಾರ್ಮ್‌ನಲ್ಲೇ ಬಂದವಳು, "ಪ್ರೊಫೆಸರ್, ಎಕ್ಸ್ ಬೆಲೆ ನಾಲ್ಕು, ಮುಂದೆ ಹೇಳಿ" ಅಂದಳು. ನನಗೆ ಆ ಇಡೀ ವರ್ಷ ಪಾಠ ಮಾಡುವ ಶಕ್ತಿ ಕೊಟ್ಟಿದ್ದು ಆ ಮಾತೇ. ಡಿಸೆಂಬರ್‌ವರೆಗೂ ಗೋಪುರಗಳು ಬಿದ್ದ ಜಾಗದಲ್ಲಿ ಬೆಂಕಿ ಆರಿರಲಿಲ್ಲ. ಸುಟ್ಟ ವಾಸನೆ ಬಟ್ಟೆಗೆ ಅಂಟುತ್ತಿತ್ತು. ಆದರೂ ಪೊಲೀಸರಿಗೆ ಐಡಿ ಕಾರ್ಡ್ ತೋರಿಸಿ, ತಪಾಸಣೆ ಮುಗಿಸಿ, ದಿನವೂ ಬಂದರಲ್ಲ ಆ ಮಕ್ಕಳು, ಅವರಿಗೆ ನಾನು ಕೈ ಮುಗಿಯುತ್ತೇನೆ.

ನಾವಿದ್ದದ್ದು ನದಿಯಾಚೆಯ ಜರ್ಸಿ ಸಿಟಿಯಲ್ಲಿ. ಅಲ್ಲಿಗೆ ಹೋಗುವ ಪಾತ್ ರೈಲಿಗೆ ಗೋಪುರಗಳ ಕೆಳಗಿದ್ದ ನಿಲ್ದಾಣ 2003ರ ನವೆಂಬರ್‌ವರೆಗೂ ತೆರೆಯಲಿಲ್ಲ. ಸುತ್ತು ಹಾಕಿ ಮನೆ ಸೇರುವಷ್ಟರಲ್ಲಿ ರಾತ್ರಿ ಜಾಸ್ತಿ ಆಗುತ್ತಿತ್ತು. ಪಕ್ಕದ ಮನೆಯ ಹಾಸನದ ಅಕ್ಕ ನನ್ನ ಮಗಳಿಗೆ ಊಟ ಹಾಕಿ ಮಲಗಿಸಿರುತ್ತಿದ್ದರು. ಅಕ್ಕಾ, ನಿಮ್ಮ ಸಾರಿನ ಋಣ ದೊಡ್ಡದು.

ಇನ್ನೊಬ್ಬರು ಮೈಸೂರಿನವರು. ಗೋಪುರಕ್ಕೆ ವಿಮಾನ ಬಡಿದಾಗ ಅಲ್ಲಿ ಸಂಜೆ ಆರು ದಾಟಿತ್ತು. ನಮ್ಮ ಫೋನ್ ಸತ್ತುಹೋಗಿತ್ತು. ಚಾಮರಾಜಪುರಂನ ಎಸ್‌ಟಿಡಿ ಬೂತಿನಲ್ಲಿ ನನ್ನ ತಮ್ಮ ರಾತ್ರಿಯಿಡೀ ನಂಬರ್ ಒತ್ತುತ್ತಲೇ ಇದ್ದ. ಬೂತಿನ ರಾಯರು ಬಾಗಿಲು ಹಾಕಲಿಲ್ಲ. ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತರಿಸಿ, ತಮ್ಮನ ಬೆರಳು ಸೋತಾಗ ತಾವೇ ಡಯಲ್ ಮಾಡಿದರಂತೆ. ಬೆಳಗಿನ ಜಾವ ಲೈನ್ ಸಿಕ್ಕಿತು. ನನ್ನ ದನಿ ಕೇಳಿದ ಮೊದಲಿಗರು ಅವರೇ. "ಇದ್ದೀಯಾ ತಾಯಿ?" ಅಂದರು. ರಾಯರು ಈಗಿಲ್ಲ. ಅವರ ಮನೆಯವರು ಇದನ್ನು ಓದಲಿ ಅಂತ ನನ್ನ ಆಸೆ.

ಹಳೆಯ ಫಿಟರ್‌ಮನ್ ಹಾಲ್ ಕಪ್ಪು ಬಲೆ ಹೊದ್ದು ವರ್ಷಗಟ್ಟಲೆ ಹಾಗೇ ನಿಂತಿತ್ತು. 2009ರಲ್ಲಿ ಅದನ್ನು ಬಿಚ್ಚಿ ಇಳಿಸಿದರು. 2012ರ ಆಗಸ್ಟ್‌ನಲ್ಲಿ ಅದೇ ಜಾಗದಲ್ಲಿ, ಅದೇ ಹೆಸರಲ್ಲಿ, 14 ಮಹಡಿಯ ಹೊಸ ಕಟ್ಟಡ ತೆರೆಯಿತು. ನನ್ನ ಕೊನೆಯ ತರಗತಿ ಅಲ್ಲೇ ನಡೆಯುತ್ತದೆ. ಟ್ರೇಲರ್‌ಗಳಲ್ಲಿ ನನ್ನ ಹತ್ತಿರ ಓದಿದವರು ಯಾರಾದರೂ ಊರಲ್ಲಿದ್ದರೆ ದಯವಿಟ್ಟು ಬನ್ನಿ. ಕಾಫಿ ನನ್ನ ಕಡೆಯಿಂದ.