ಯಾಂಕೌಸ್ಕಾಸ್ ಅವರಿಗೆ ಐವತ್ತು: ಲೆಕ್ಕಕ್ಕೆ ಸಿಗದ ಆಟಕ್ಕೆ ನಮ್ಮ ಧನ್ಯವಾದ

ಎಡ್ಗರಾಸ್ ಯಾಂಕೌಸ್ಕಾಸ್ ಅವರೇ,

1975ರ ಮಾರ್ಚ್ 12ರಂದು ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಹುಟ್ಟಿದ ನಿಮಗೆ ಐವತ್ತು ತುಂಬಿತು. ಎತ್ತರದ ಹುಡುಗರೆಲ್ಲ ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ಓಡುವ ನಾಡಿನಲ್ಲಿ ನೀವು ಫುಟ್‌ಬಾಲ್ ಹಿಡಿದಿರಿ. ಮೊದಲ ಧನ್ಯವಾದ ಅದಕ್ಕೇ.

ಲಿಥುವೇನಿಯಾ ಪರ 56 ಪಂದ್ಯ, 10 ಗೋಲು. ಇಷ್ಟನ್ನೇ ನೋಡಿದವರು ನಿಮ್ಮನ್ನು ಸಾಧಾರಣ ಸ್ಟ್ರೈಕರ್ ಎಂದುಕೊಂಡಾರು. ಆದರೆ ಗೋಲಿಗೆ ಬೆನ್ನು ಹಾಕಿ ನಿಂತು, ಹಿಂದಿನಿಂದ ಬಂದ ಚೆಂಡನ್ನು ಹಿಡಿದಿಟ್ಟು, ಜೊತೆಗಾರರು ಮೇಲೆ ಬರುವಷ್ಟು ಹೊತ್ತು ಕಾಪಾಡುವ ಕೆಲಸ ಯಾವ ಪಟ್ಟಿಗೂ ಸೇರುವುದಿಲ್ಲ. ಎತ್ತರವಿದ್ದರೆ ಸಾಕು, ಇದು ತಾನಾಗಿ ಬರುತ್ತದೆ ಎನ್ನುವುದು ತಪ್ಪು. ಡಿಫೆಂಡರ್‌ಗೆ ಪೂರ್ತಿ ಬೆನ್ನು ಕೊಟ್ಟು ನೆಟ್ಟಗೆ ನಿಂತರೆ ಆತ ಪಕ್ಕದಿಂದ ಕಾಲು ಚಾಚಿ ಚೆಂಡು ಕಸಿಯುತ್ತಾನೆ. ಓರೆಯಾಗಿ ನಿಲ್ಲಬೇಕು, ಮಂಡಿ ಬಗ್ಗಿರಬೇಕು, ಡಿಫೆಂಡರ್‌ನಿಂದ ದೂರದ ಕಾಲಲ್ಲಿ ಚೆಂಡು ತಡೆಯಬೇಕು. ಒಂದು ಸ್ಪರ್ಶದಲ್ಲಿ ಹಿಡಿತ, ಎರಡನೆಯದರಲ್ಲಿ ಪಾಸ್. ಮೂರನೆಯದಕ್ಕೆ ಹೋದರೆ ಇನ್ನೊಬ್ಬ ಎದುರಾಳಿ ಬಂದು ಸುತ್ತುವರಿಯುತ್ತಾನೆ. ತಲೆಚೆಂಡಿಗೂ ಇದೇ ಮಾತು: ನಿಂತಲ್ಲಿಂದ ಎರಡೂ ಕಾಲಲ್ಲಿ ನೆಗೆದವನಿಗಿಂತ, ಎರಡು ಮೂರು ಹೆಜ್ಜೆ ಓಡಿಬಂದು ಒಂಟಿ ಕಾಲಲ್ಲಿ ನೆಗೆದವನಿಗೆ ಎತ್ತರ ಹೆಚ್ಚು ಸಿಗುತ್ತದೆ. ಸಮತೋಲನಕ್ಕೆಂದು ಎತ್ತಿದ ಮೊಣಕೈ ಎದುರಾಳಿಯ ಮುಖಕ್ಕೆ ತಾಗಿದರೆ ಮಾತ್ರ ಎಲ್ಲವೂ ಫೌಲ್‌ನಲ್ಲಿ ಮುಗಿಯುತ್ತದೆ.

ಈ ಕಸುಬನ್ನೇ ನೆಚ್ಚಿಕೊಂಡು ನೀವು ವಿಲ್ನಿಯಸ್‌ನ ಜಾಲ್ಗಿರಿಸ್ ಕ್ಲಬ್‌ನಿಂದ ಮಾಸ್ಕೋಗೆ, ಬೆಲ್ಜಿಯಂನ ಬ್ರೂಜ್‌ಗೆ, ಸ್ಪೇನಿನ ರಿಯಲ್ ಸೊಸಿಯೆಡಾಡ್‌ಗೆ, ಪೋರ್ಚುಗಲ್‌ನ ಬೆನ್ಫಿಕಾಗೆ, 2002ರಲ್ಲಿ ಅಲ್ಲಿನದೇ ಪೋರ್ಟೊಗೆ ಹೋದಿರಿ. ಕೋಚ್ ಜೋಸೆ ಮೊರಿನ್ಯೊ ಅವರ ಆ ತಂಡ ಎರಡು ವರ್ಷದಲ್ಲಿ ಎರಡು ಲೀಗ್, ಒಂದು ಯುಇಎಫ್‌ಎ ಕಪ್, ಒಂದು ಚಾಂಪಿಯನ್ಸ್ ಲೀಗ್ ಗೆದ್ದಿತು. 2004ರ ಮೇ 26ರಂದು ಗೆಲ್ಜೆನ್‌ಕಿರ್ಷೆನ್‌ನಲ್ಲಿ ಮೊನಾಕೊ ವಿರುದ್ಧ 3-0 ಗೆದ್ದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ನೀವು ಆಡಲಿಲ್ಲ, ನಿಜ. ಅದರಿಂದ ಆ ಪ್ರಶಸ್ತಿಯಲ್ಲಿ ನಿಮ್ಮ ಪಾಲೇನೂ ಕಿರಿದಲ್ಲ. ಡೆರ್ಲೇ, ಮೆಕಾರ್ಥಿಯಂಥ ಸ್ಟ್ರೈಕರ್‌ಗಳಿದ್ದ ತಂಡದಲ್ಲಿ ಸರದಿಗೆ ಕಾದು, ಕರೆದಾಗ ಸಿದ್ಧವಿದ್ದ ಆಟಗಾರರೂ ಸೇರಿಯೇ ಒಂದು ಋತು ಗೆಲ್ಲುತ್ತಾರೆ. ಆ ಕಪ್ ಗೆದ್ದ ಮೊದಲ ಲಿಥುವೇನಿಯನ್ ನೀವು.

ಮುಂದೆ ನೀವು ಆಡಿದ, ಸ್ಕಾಟ್ಲೆಂಡಿನ ಎಡಿನ್‌ಬರೋದ ಹಾರ್ಟ್ಸ್ ಕ್ಲಬ್‌ನ ಅಭಿಮಾನಿಗಳ ನೆನಪು ಬೇರೆ. 2006ರ ಏಪ್ರಿಲ್‌ನಲ್ಲಿ, ಗ್ಲಾಸ್ಗೋದ ಹ್ಯಾಂಪ್ಡನ್ ಕ್ರೀಡಾಂಗಣದಲ್ಲಿ ನಡೆದ ಸ್ಕಾಟಿಷ್ ಕಪ್ ಸೆಮಿಫೈನಲ್‌ನಲ್ಲಿ ಊರಿನ ಎದುರಾಳಿ ಹಿಬ್ಸ್ ವಿರುದ್ಧ 4-0. ಪಾಲ್ ಹಾರ್ಟ್ಲಿ ಮೂರು, ನೀವು ಒಂದು. ಫೈನಲ್‌ನಲ್ಲಿ ಗ್ರೆಟ್ನಾವನ್ನು ಪೆನಾಲ್ಟಿಯಲ್ಲಿ ಮಣಿಸಿ ಕಪ್ ಬಂತು. ಅದೇ ವರ್ಷ ಹಾರ್ಟ್ಸ್ ಲೀಗ್‌ನಲ್ಲೂ ಎರಡನೇ ಸ್ಥಾನಕ್ಕೇರಿತು. ಮೊದಲೆರಡು ಸ್ಥಾನ ಹಂಚಿಕೊಳ್ಳುತ್ತಿದ್ದ ಸೆಲ್ಟಿಕ್, ರೇಂಜರ್ಸ್ ಜೋಡಿಯ ನಡುವೆ ಮೂರನೆಯವರೊಬ್ಬರು ನುಗ್ಗಿ ಹತ್ತು ವರ್ಷದ ಮೇಲಾಗಿತ್ತು.

ಹತ್ತು ವರ್ಷದ ನಂತರ ಅದೇ ಹ್ಯಾಂಪ್ಡನ್‌ಗೆ ನೀವು ಲಿಥುವೇನಿಯಾದ ಕೋಚ್ ಆಗಿ ಬಂದಿರಿ. ನಿಮ್ಮ ಆಟಗಾರ ಚೆರ್ನಿಖ್ 59ನೇ ನಿಮಿಷದಲ್ಲಿ ಗೋಲು ಹೊಡೆದರು, ಸ್ಕಾಟ್ಲೆಂಡ್ 89ನೇ ನಿಮಿಷದವರೆಗೂ ಸಮ ಮಾಡಿಕೊಳ್ಳಲಾಗಲಿಲ್ಲ. ಆ 1-1ಕ್ಕೂ ಧನ್ಯವಾದ, ಸರ್.