ಸ್ಕೇಲ್ ಹಿಡಿಯಲು ಬಾರದವರು ಯಾರು?

ಮಾನ್ಯ ಸಂಪಾದಕರೇ,

ಪರೀಕ್ಷೆಯ ಅಂಕ ನೋಡಿ, ನಮ್ಮೂರಿನ ಐದನೇ ತರಗತಿ ಮಕ್ಕಳಿಗೆ ಸ್ಕೇಲ್ ಇಟ್ಟು ಅಳೆಯಲೂ ಬರುವುದಿಲ್ಲ, ಮನೆಯಲ್ಲಿ ಪೋಷಕರು ಗಮನ ಕೊಡುತ್ತಿಲ್ಲ ಎಂದು ಶಿಕ್ಷಣಾಧಿಕಾರಿಗಳು ಹೇಳಿದ್ದನ್ನು ನೀವು ನಿನ್ನೆ ದಪ್ಪಕ್ಷರದಲ್ಲಿ ಹಾಕಿದ್ದೀರಿ. ಆ ಮಕ್ಕಳಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ಅಧಿಕಾರಿಗಳು ಹೇಳಿದ್ದನ್ನೆಲ್ಲ ಬರೆದುಕೊಂಡ ನಿಮ್ಮ ವರದಿಗಾರರು ಆ ಪ್ರಶ್ನೆಪತ್ರಿಕೆಯ ಮೇಲೆ ಒಂದು ಸ್ಕೇಲ್ ಇಟ್ಟು ನೋಡಬಹುದಿತ್ತು ಅಲ್ವಾ?

ನಾನು ಇಟ್ಟು ನೋಡಿದೆ. ಹಾಳೆಯಲ್ಲಿ ಒಂದು ಆಯತ ಇದೆ. ಅಳೆದು ಉದ್ದ, ಅಗಲ ಬರೆಯಬೇಕು, ಸುತ್ತಳತೆ ಕಂಡುಹಿಡಿಯಬೇಕು. ಹುಡುಗಿ ಉದ್ದ 7.5 ಸೆಂ.ಮೀ., ಅಗಲ 5 ಸೆಂ.ಮೀ., ಸುತ್ತಳತೆ 25 ಸೆಂ.ಮೀ. ಎಂದು ಬರೆದಿದ್ದಾಳೆ. ಮೂರೂ ತಪ್ಪು ಎಂದು ಕೆಂಪು ಇಂಕು ಬಿದ್ದಿದೆ. ಮೇಲಿನಿಂದ ಬಂದ ಉತ್ತರದ ಪ್ರಕಾರ 9, 6 ಮತ್ತು 30 ಆಗಬೇಕಂತೆ. ನಾನು ಬಟ್ಟೆ ವ್ಯಾಪಾರಿ, ಅಳೆದೇ ಅನ್ನ ಉಂಡವನು. ಅಂಗಡಿಯ ಟೇಪಿನಲ್ಲಿ ಅಳೆದೆ, ಸ್ಟೀಲ್ ಸ್ಕೇಲಿನಲ್ಲಿ ಅಳೆದೆ, ಪಕ್ಕದ ಬಡಗಿಯ ಕೈಯಲ್ಲೂ ಅಳೆಸಿದೆ. ಏಳೂವರೆ, ಐದು. ಅದೇ ಉತ್ತರ.

ಗುಟ್ಟು ಬಿಡಿಸಿದ್ದು ನಮ್ಮ ಬೀದಿಯ ಜೆರಾಕ್ಸ್ ಅಂಗಡಿ ಹುಡುಗ. ಮೂಲ ಹಾಳೆ ಲೀಗಲ್ ಸೈಜಿನದು, 14 ಇಂಚು ಉದ್ದ. ಶಾಲೆಗಳಲ್ಲಿ ಪ್ರಿಂಟ್ ತೆಗೆದದ್ದು ಎ4ನಲ್ಲಿ, ಅದು 12 ಇಂಚೂ ಇಲ್ಲ. ಹಾಳೆಗೆ ಹೊಂದಲಿ ಎಂದು ಯಂತ್ರ ಎಲ್ಲವನ್ನೂ ಕುಗ್ಗಿಸಿದೆ. ಆರು ಐದಾಯಿತು, ಒಂಬತ್ತು ಏಳೂವರೆ ಆಯಿತು. ಹಾಗಾಗಿ ಸರಿಯಾಗಿ ಅಳೆದವರೆಲ್ಲ ದಡ್ಡರು. ಇದೇ ಹಾಳೆಯಲ್ಲಿ 9 ಮತ್ತು 6 ಅಳೆದ ಜಾಣ ಮಕ್ಕಳೂ ಕೆಲವರಿದ್ದಾರಂತೆ. ಅವರಿಗೆ ಪೂರ್ತಿ ಅಂಕ. ಮುಂದೆ ದೊಡ್ಡ ಕಂಟ್ರಾಕ್ಟರುಗಳಾಗುತ್ತಾರೆ ಬಿಡಿ.

ಇದನ್ನು ಹೇಳೋಣವೆಂದು ಮದುವೆ ಸೀಸನ್ನಿನಲ್ಲಿ ಅಂಗಡಿಯ ಶಟರ್ ಎಳೆದು ಶಾಲೆಗೆ ಹೋದೆ. ಹೆಡ್‌ಮೇಡಂ ಮೀಟಿಂಗಿಗೆ ಹೋಗಿದ್ದರು. ಅಧಿಕಾರಿಗಳ ಕಚೇರಿಗೆ ಹೋದೆ. ಸಾಹೇಬರೂ ಮೀಟಿಂಗು. ಅರ್ಜಿ ಬರೆದು ಟಪಾಲಿಗೆ ಕೊಡಿ ಎಂದರು. ಟಪಾಲಿನವರು ಊಟಕ್ಕೆ ಹೋದವರು ಸಂಜೆವರೆಗೂ ಬರಲಿಲ್ಲ. ಅಷ್ಟರಲ್ಲಿ ಮಳೆ ಬಂದು ಅರ್ಜಿಯೂ ನೆನೆಯಿತು, ನಾನೂ ನೆನೆದೆ. ಒಂದು ಮದುವೆ ಮನೆಯ ವ್ಯಾಪಾರ ಎದುರಿನ ಅಂಗಡಿಗೆ ಹೋಯಿತು. ಮನೆಗೆ ಬಂದರೆ "ತಾತ, ನೀನು ಹೇಳ್ಕೊಟ್ಟಿದ್ದೇ ತಪ್ಪಂತೆ" ಎಂದು ಮೊಮ್ಮಗಳು ಊಟ ಬಿಟ್ಟು ಮಲಗಿದ್ದಳು. ಸೊಸೆ ಮಾತಾಡಲಿಲ್ಲ, ಪಾತ್ರೆಗಳೇ ಮಾತಾಡಿದವು.

ನಾನು ಹೇಳಿಕೊಟ್ಟದ್ದೇನು? ಅಳತೆ ಶುರುವಾಗುವುದು ಸ್ಕೇಲಿನ ತುದಿಯಿಂದಲ್ಲ, ಸೊನ್ನೆ ಗೆರೆಯಿಂದ. ಬಹಳಷ್ಟು ಪ್ಲಾಸ್ಟಿಕ್ ಸ್ಕೇಲುಗಳಲ್ಲಿ ಸೊನ್ನೆಗೆ ಮೊದಲು ಸ್ವಲ್ಪ ಖಾಲಿ ಜಾಗ ಇರುತ್ತದೆ, ಮಕ್ಕಳು ಎಡವುವುದು ಅಲ್ಲೇ. ಕೆಲವರು ಎಣಿಕೆ ಒಂದರಿಂದ ತಾನೇ ಅಂತ 1ರ ಗೆರೆಯಿಂದ ಹಿಡಿಯುತ್ತಾರೆ. ಆಗ ಆರು ಇದ್ದದ್ದು ಏಳಾಗುತ್ತದೆ. ಸೊನ್ನೆ ಅಳಿಸಿಹೋಗಿದ್ದರೂ ಚಿಂತೆಯಿಲ್ಲ, 2ರ ಗೆರೆಯಿಂದ ಹಿಡಿದು ಬಂದದ್ದರಲ್ಲಿ ಎರಡು ಕಳೆದರಾಯಿತು. ಕಣ್ಣು ಗೆರೆಯ ನೇರ ಮೇಲಿರಬೇಕು. ಓರೆಯಾಗಿ ನೋಡಿದರೆ, ಅದೂ ದಪ್ಪ ಸ್ಕೇಲಿನಲ್ಲಿ, ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಆಗುತ್ತದೆ. ಚೌಕುಳಿ ಹಾಳೆಯಲ್ಲಿ ಓರೆ ಗೆರೆ ಬಂದರೆ ಮನೆ ಎಣಿಸಬಾರದು. 1 ಸೆಂ.ಮೀ. ಚೌಕದ ಓರೆ ಗೆರೆ 1.4 ಸೆಂ.ಮೀ.ಗಿಂತ ಕೊಂಚ ಜಾಸ್ತಿಯೇ ಇರುತ್ತದೆ. ವೃತ್ತವಾದರೆ ದಾರ ಸುತ್ತಿ, ಆ ದಾರವನ್ನು ಅಳೆಯಬೇಕು. ಇದೆಲ್ಲ ಬೋರ್ಡಿನ ಮೇಲೆ ಬರೆಸಿ ಕಲಿಸುವಂಥದ್ದಲ್ಲ. ಮಗುವಿನ ಕೈಗೆ ಸ್ಕೇಲ್ ಕೊಟ್ಟು, ಬೆಂಚು, ಪುಸ್ತಕ, ಕಿಟಕಿ ಎಲ್ಲ ಅಳೆಸಬೇಕು. ಪಕ್ಕದಲ್ಲಿ ಒಬ್ಬರು ನಿಂತು ನೋಡಬೇಕು.

ನಿಲ್ಲುವವರು ಯಾರು? ಮೇಷ್ಟ್ರಿಗೆ ಪುರುಸೊತ್ತು ಎಲ್ಲಿದೆ? ಚುನಾವಣೆ ಬಂದರೆ ಅವರೇ, ಮೊಟ್ಟೆ ಲೆಕ್ಕಕ್ಕೂ ಅವರೇ. 2025ರಲ್ಲಿ ಸಮೀಕ್ಷೆ ಮಾಡಿಸಲೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಮನೆಮನೆ ಸುತ್ತಿಸಿ, ಆಮೇಲೆ ಪೋಷಕರು ಸರಿಯಿಲ್ಲ ಎನ್ನುತ್ತೀರಿ.

ಅಳತೆಯ ವಿಷಯದಲ್ಲಿ ಸರ್ಕಾರ ಕಟ್ಟುನಿಟ್ಟು ಇಲ್ಲವೆಂದೇನಲ್ಲ. ನನ್ನಂಥವನ ಮೀಟರ್ ಕೋಲಿಗೆ ಎರಡು ವರ್ಷಕ್ಕೊಮ್ಮೆ ಮುದ್ರೆ ಬೀಳಲೇಬೇಕು, ಇಲ್ಲವಾದರೆ ದಂಡ. ನಾನು ಅರ್ಧ ಇಂಚು ಬಟ್ಟೆ ಕಡಿಮೆ ಕೊಟ್ಟರೆ ಕಳ್ಳ. ಒಂಬತ್ತನ್ನು ಏಳೂವರೆ ಮಾಡಿದವರು ಅಧಿಕಾರಿಗಳು. ನನ್ನ ಜಮೀನಿನ ಗಡಿ ಗುರುತಿಸಿಕೊಡಿ ಎಂದು ಹದ್ದುಬಸ್ತಿಗೆ ಅರ್ಜಿ ಹಾಕಿದಾಗಲೂ ಇದೇ ಆಗಿತ್ತು. ಮೊದಲು ಬಂದ ಸರ್ವೆಯರ್ ನೆಟ್ಟ ಕಲ್ಲು ಒಂದು ಕಡೆ, ಎರಡನೆಯವರು ತೋರಿಸಿದ ಗಡಿ ಇನ್ನೊಂದು ಕಡೆ, ನಡುವೆ ಹೋದದ್ದು ನನ್ನ ಒಂದೂವರೆ ಗುಂಟೆ. ನಮ್ಮ ಬೀದಿ ಮೋರಿಯ ಕಥೆ ನಿಮಗೇ ಗೊತ್ತು. ಚಪ್ಪಡಿ ಒಂದು ಅಳತೆ, ಮೋರಿ ಇನ್ನೊಂದು ಅಳತೆ, ಇವತ್ತಿಗೂ ಬಾಯಿ ತೆರೆದುಕೊಂಡೇ ಇದೆ. ಅಲ್ಲಿ ಸ್ಕೇಲ್ ಹಿಡಿದವರು ಯಾವ ಶಾಲೆಯಲ್ಲಿ ಓದಿದ್ದರೋ! ಅವರ ಪೋಷಕರನ್ನೂ ಕರೆಸಿ ಬುದ್ಧಿ ಹೇಳಲಿ.

ಆದ್ದರಿಂದ ಈ ಪರೀಕ್ಷೆಯನ್ನು ಕೂಡಲೇ ರದ್ದು ಮಾಡಬೇಕು, ಇಲ್ಲವಾದರೆ ಎಲ್ಲ ಹಾಳೆಗಳನ್ನೂ ಮತ್ತೆ ತಿದ್ದಿಸಬೇಕು. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು. ಪೋಷಕರ ಮೇಲೆ ಹೊರಿಸಿದ ಮಾತನ್ನು ಅಧಿಕಾರಿಗಳು ವಾಪಸ್ ಪಡೆಯಲಿ, ನೀವೂ ಅದನ್ನು ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ. ಸಂಬಂಧಪಟ್ಟವರು ಸ್ವಲ್ಪ ಎಚ್ಚರವಾಗಿರಲಿ. ಸಂಬಳ ಎಣಿಸುವಾಗ ಮಾತ್ರ ಯಾರಿಗೂ ಲೆಕ್ಕ ತಪ್ಪುವುದಿಲ್ಲವಲ್ಲ!

ಹೆಸರು ಹಾಕಬೇಡಿ. ಮೊಮ್ಮಗಳು ಇನ್ನೂ ಅದೇ ಶಾಲೆಯಲ್ಲಿ ಓದಬೇಕು.

– ಒಬ್ಬ ಬಟ್ಟೆ ವ್ಯಾಪಾರಿ, ಪೇಟೆ ಬೀದಿ